ಹಳೆಯ ಸೀರೆಗಳಿಂದ ಕೌದಿ ಹೊಲಿಯುವುದನ್ನು ಹೊಸದಾಗಿ ಕಲಿಯುವವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಅಕ್ಕಲಕೋಟೆ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಉಟ್ಟು ಮೆತ್ತಗಾದ ಇಳಕಲ್ ಸೀರೆಗಳೂ ಮಾವನವರ ಧೋತರಗಳೂ ಪೆಟ್ಟಿಗೆಯಲ್ಲಿ ಹಾಗೆಯೇ ಇವೆ. ಅವುಗಳಿಂದ ಕೌದಿ ಹೊಲಿಯಬೇಕೆಂದು ಬಹಳ ಆಸೆಯಿದೆ, ಆದರೆ ಗುಂಡಿ ಹಚ್ಚುವುದು, ಸೀರೆಗೆ ಫಾಲ್ ಹಾಕುವುದು ಬಿಟ್ಟರೆ ನನಗೆ ಬೇರೆ ಹೊಲಿಗೆ ಬರುವುದಿಲ್ಲ. ಮನೆ ಮನೆಗೆ ಬಂದು ಅಂಗಳದಲ್ಲಿ ಕುಳಿತು ಕೌದಿ ಹೊಲಿದುಕೊಡುತ್ತಿದ್ದ ಹೆಂಗಸರು ಈಗ ನಮ್ಮ ಊರಿಗೆ ಬರುವುದಿಲ್ಲವಾದ್ದರಿಂದ ನೋಡಿ ಕಲಿಯುವ ದಾರಿಯೂ ಇಲ್ಲ. ಎಷ್ಟು ಪದರ ಇಡಬೇಕು, ಅಂಚಿನಿಂದ ಆರಂಭಿಸಬೇಕೋ ನಡುವಿನಿಂದಲೋ, ಮಷೀನಿನ ಮೇಲೆ ಹೊಲಿಯಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಸೊಲ್ಲಾಪುರ)

ತಂಗಿ, ಮೊದಲನೆಯದನ್ನು ದೊಡ್ಡದಾಗಿ ಹೊಲಿಯಲು ಹೋಗಬೇಡಿ. ತೊಟ್ಟಿಲಿಗೆ ಹಾಸುವಷ್ಟು, ಅಂದರೆ ಸುಮಾರು ಎರಡು ಮೊಳ ಚೌಕದ ಕೌದಿಯೊಂದರಲ್ಲಿ ಕೈ ಕುದುರಲಿ. ಇಳಕಲ್ ಸೀರೆಯ ಒಡಲು ಹತ್ತಿಯದಾಗಿದ್ದರೆ ಅದಕ್ಕಿಂತ ಒಳ್ಳೆಯ ಬಟ್ಟೆ ಸಿಗುವುದಿಲ್ಲ, ಆದರೆ ಅದರ ಸೆರಗು ರೇಷ್ಮೆಯದಾಗಿರುವುದರಿಂದ ಪದರಗಳ ನಡುವೆ ಜಾರುತ್ತದೆ. ಅದನ್ನು ಬೇರೆಯಾಗಿ ತೆಗೆದಿಡಿ. ಬಣ್ಣ ಬಿಡುವುದೋ ಇಲ್ಲವೋ ನೋಡಲು ಪ್ರತಿಯೊಂದು ಬಟ್ಟೆಯ ಮೂಲೆಯನ್ನು ತೊಯ್ಸಿ ಬಿಳಿ ಧೋತರದ ಚೂರಿನ ಮೇಲೆ ತಿಕ್ಕಿರಿ, ಏಕೆಂದರೆ ಒಂದು ಕೆಂಪು ತುಂಡು ಇಡೀ ಕೌದಿಯನ್ನು ಕೆಡಿಸಬಲ್ಲದು.

ಅಳತೆಯ ಲೆಕ್ಕ ಸುಲಭವಾಗಿದೆ. ಐದೂವರೆ ಮೀಟರಿನ ಸೀರೆಯನ್ನು ಅಡ್ಡಲಾಗಿ ಮೂರು ತುಂಡು ಮಾಡಿದರೆ ಒಬ್ಬರು ಹೊದೆಯುವಷ್ಟು ಉದ್ದದ ಮೂರು ಪದರಗಳು ದೊರೆಯುತ್ತವೆ. ಹೊದೆಯಲು ಮೂರು ಸಾಕು, ಹಾಸಲು ಐದಾರು ಬೇಕು. ತೀರ ಜೀರ್ಣವಾದ ಬಟ್ಟೆಯನ್ನು ನಡುವಿನ ಪದರಕ್ಕೆ ಹಾಕಿ, ಗಟ್ಟಿಯಿರುವುದನ್ನು ಮೇಲೆ ಕೆಳಗೆ ಇಡಿ.

ಉತ್ತರ (ಜತ್ತ)

ಮಷೀನಿನ ಬಗ್ಗೆ ಕೇಳಿದ್ದೀರಿ, ಅಕ್ಕಾವರೇ. ನಾನು ದರ್ಜಿ ಕೆಲಸ ಮಾಡುವವನು. ಮಷೀನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮಾತ್ರ ಮುಂದೆ ಎಳೆಯುತ್ತವೆ, ಮೇಲಿನದು ಹಿಂದೆ ಉಳಿಯುತ್ತದೆ. ಆದ್ದರಿಂದಲೇ ಸಾಲಿನ ಕೊನೆಗೆ ನಿರಿಗೆ ಬಂದು ನಿಲ್ಲುತ್ತದೆ. ಎರಡು ಮೂರು ತೆಳು ಪದರಗಳಾದರೆ ನಿಧಾನವಾಗಿ ಹೊಲಿಯಬಹುದು, ಆರು ಪದರಕ್ಕೆ ಕೈಹೊಲಿಗೆಯೇ ಸರಿ.

ಯಾವುದೇ ರೀತಿಯಲ್ಲಿ ಹೊಲಿದರೂ ಮೊದಲು ನೆಲದ ಮೇಲೆ ಪದರಗಳನ್ನು ಒಂದರ ಮೇಲೊಂದು ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ, ಗೇಣು ಗೇಣಿಗೆ ಒಂದರಂತೆ ಉದ್ದಗಲಕ್ಕೂ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚುವ ಉದ್ದುದ್ದ ಹೊಲಿಗೆ, ಹಾಕಿಕೊಳ್ಳಿ. ನಂತರ ಪಕ್ಕಾ ಹೊಲಿಗೆಯನ್ನು ನಡುವಿನಿಂದ ಆರಂಭಿಸಿದರೆ ಉಳಿದ ಸಡಿಲು ಅಂಚಿಗೆ ಸರಿಯುತ್ತದೆ, ಅಲ್ಲಿ ಅದನ್ನು ಕತ್ತರಿಸಿ ಅಂಚಿಗೆ ಬಟ್ಟೆಯ ಪಟ್ಟಿ ಕೊಡಬಹುದು.

ಉತ್ತರ (ಸೊಲ್ಲಾಪುರ)

ಕಚ್ಚಾ ಹೊಲಿಗೆಯ ಮಾತನ್ನು ನಾನೂ ಒಪ್ಪುತ್ತೇನೆ, ಆದರೆ ನಡುವಿನಿಂದಲೇ ಆರಂಭಿಸಬೇಕೆಂಬ ನಿಯಮವಿಲ್ಲ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಒಂದು ಮೂಲೆಯಿಂದ ಹಿಡಿದು, ಅಂಚಿನ ಸುತ್ತಲೂ ತುಂಡುಗಳನ್ನು ಮಡಿಸಿ ಕೂಡಿಸುತ್ತ, ಸುತ್ತು ಸುತ್ತಾಗಿ ಒಳಗೆ ಸಾಗಿ ನಡುವೆ ಮುಗಿಸುತ್ತಾರೆ. ಅವರ ಕೌದಿಗಳು ಎಷ್ಟು ಸಮನಾಗಿರುತ್ತವೆ ಎಂಬುದನ್ನು ನೋಡಿದವರೇ ಬಲ್ಲರು. ಒಂದೊಂದು ತುಂಡನ್ನೂ ಆಯಾ ಜಾಗದಲ್ಲೇ ಸವರಿ ಹೊಲಿಯುವುದರಿಂದ ಸಡಿಲು ಉಳಿಯುವುದಿಲ್ಲ. ಅದಕ್ಕೆ ಕೈ ಪಳಗಿರಬೇಕು. ಹೊಸಬರಾದ ನಿಮಗೆ ಈಗ ದರ್ಜಿಯವರು ಹೇಳಿದ ಕ್ರಮವೇ ಅನುಕೂಲ.

ಸೂಜಿ ಸುಮಾರು ಎರಡು ಇಂಚು ಉದ್ದವಿದ್ದು ಕಣ್ಣು ದೊಡ್ಡದಿರಲಿ. ದಬ್ಬಳ ಬೇಡ, ಅದು ಹಳೆಯ ಬಟ್ಟೆಯನ್ನು ಹರಿಯುತ್ತದೆ. ಹತ್ತಿಯ ದಪ್ಪ ದಾರವನ್ನು ಜೋಡಿ ಎಳೆ ಮಾಡಿದಾಗ ಒಂದು ಮೊಳವಾಗುವಷ್ಟೇ ಕತ್ತರಿಸಿಕೊಳ್ಳಿ, ಉದ್ದವಾದಷ್ಟೂ ಗಂಟು ಬೀಳುತ್ತದೆ. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆಗಳನ್ನು ಒಟ್ಟಿಗೆ ಕೂಡಿಸಿಕೊಂಡು ಎಳೆಯಿರಿ, ಎಳೆದ ಮೇಲೆ ಆ ಸಾಲನ್ನು ಉಗುರಿನಿಂದ ಹಿಂದಕ್ಕೆ ಒಮ್ಮೆ ಸವರಿರಿ. ಬಿಗಿಯಾದ ದಾರ ಸಡಿಲಗೊಂಡು ಬಟ್ಟೆ ಮತ್ತೆ ನೆಲಕ್ಕೆ ಕೂಡುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರವಿದ್ದರೆ ಒಗೆದಾಗಲೂ ಒಳಗಿನ ಪದರ ಮುದುಡುವುದಿಲ್ಲ. ಗಂಟನ್ನು ಪದರಗಳ ನಡುವೆ ಎಳೆದು ಮುಚ್ಚಿಡಿ.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ತೆಗೆದಿಟ್ಟ ಸೆರಗನ್ನು ಏನು ಮಾಡಲಿ? ಅತ್ತೆಯವರ ಸೆರಗನ್ನು ಬಿಡಲು ಮನಸ್ಸಾಗುತ್ತಿಲ್ಲ.

ಉತ್ತರ (ಸೊಲ್ಲಾಪುರ)

ಬಿಡಬೇಕಾಗಿಲ್ಲ, ತಂಗಿ. ಅದರ ಹಿಂದೆ ಧೋತರದ ತುಂಡನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿಕೊಂಡರೆ ಜಾರುವುದಿಲ್ಲ. ಆಮೇಲೆ ಅದನ್ನು ಕೌದಿಯ ಮೇಲೆ ನಟ್ಟನಡುವೆ ಚೌಕವಾಗಿಟ್ಟು, ನಾಲ್ಕೂ ಅಂಚನ್ನು ಕಾಲು ಇಂಚು ಒಳಕ್ಕೆ ಮಡಿಸಿ ಸಣ್ಣ ಹೊಲಿಗೆ ಹಾಕಿರಿ.