ಸಹಾಯ ಬೇಕು: ಹಳೇ ಗಾರೆ ಗೋಡೆ ಮೇಲೆ ಪ್ರೈಮರ್ ನಿಲ್ತಿಲ್ಲ

ಮೂಡಿಗೆರೆ ಕಡೆ ಹೆಂಚಿನ ಮನೆ. ಸುಣ್ಣದ ಗಾರೆ, ಮೇಲೆ ಎಷ್ಟೋ ಸಲ ಬಳಿದ ಸುಣ್ಣ, ಅದರ ಮೇಲೆ ಡಿಸ್ಟೆಂಪರ್. ಒಳಗಡೆ ಎಮಲ್ಷನ್ ಹೊಡೆಯೋದಿದೆ.

ಡಿಸ್ಟೆಂಪರ್‌ನ ಬಿಸಿನೀರಲ್ಲಿ ನೆನೆಸಿ ಕೆರೆದಾಯ್ತು. ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಗಾರೆ ಕಿತ್ತು, ಗೋಡೆ ಒದ್ದೆ ಮಾಡಿ, 1 ಪಾಲು ಸುಣ್ಣಕ್ಕೆ 3 ಪಾಲು ಮರಳು ಕಲಸಿ ಎರಡು ಪದರದಲ್ಲಿ ತುಂಬಿದೆ. ಸಿಮೆಂಟ್ ಬೇಕಂತಲೇ ಹಾಕಿಲ್ಲ, ಮೆತ್ತನೆ ಗಾರೆ ಮೇಲೆ ಗಟ್ಟಿ ತೇಪೆ ಬಿಟ್ಕೊಳ್ಳುತ್ತೆ. 80 ನಂಬರ್ ಸ್ಯಾಂಡ್‌ಪೇಪರ್ ಉಜ್ಜಿ, ಒದ್ದೆ ಬಟ್ಟೇಲಿ ಒರೆಸಿದ್ರೂ ಕೈಗೆ ಬಿಳಿ ಪುಡಿ ಬರ್ತಾನೇ ಇದೆ. ಒಂದು ಮೂಲೆಗೆ ನೀರಿನ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಟೇಪ್ ಅಂಟಿಸಿ ಎಳೆದರೆ ಸುಣ್ಣದ ಸಮೇತ ಎದ್ದು ಬಂತು. ಅಂದ್ರೆ ಕೈಕೊಡ್ತಿರೋದು ಪ್ರೈಮರ್ ಅಲ್ಲ, ಕೆಳಗಿನ ಸುಣ್ಣ.

ಇದರ ಜೊತೆಗೆ ನೆಲದಿಂದ 2 ಅಡಿವರೆಗೆ ಉಪ್ಪು ಏಳ್ತಿದೆ. ಅಲ್ಲಿ ಪ್ಲಾಸ್ಟಿಕ್ ಹಾಳೆಗೆ ಸುತ್ತಲೂ ಟೇಪ್ ಹಾಕಿ 2 ದಿನ ಬಿಟ್ಟರೆ ಹಾಳೆಯ ಗೋಡೆ ಕಡೆಗೇ ನೀರು ಹನಿ, ಅಂದ್ರೆ ತೇವ ಗೋಡೆ ಒಳಗಿಂದಲೇ ಬರ್ತಿದೆ. ಇಲ್ಲಿನ ಮಳೆಗಾಲ ಗೊತ್ತೇ ಇದೆಯಲ್ಲ.

ಪೇಂಟರ್ ಪ್ರಕಾರ ಆಯಿಲ್ ಪ್ರೈಮರ್ ಕುಡಿಸಿ ಪುಟ್ಟಿ ಎಳೆದ್ರೆ ಸಾಕು. ಗಾರೆಯವರು ಸುಣ್ಣ ಪೂರ್ತಿ ಕೆರೀದೆ ಏನೂ ನಿಲ್ಲಲ್ಲ ಅಂತಾರೆ.

ಮಲೆನಾಡಲ್ಲಿ ಇಂಥ ಗೋಡೆಗೆ ಕೆಲಸ ಮಾಡಿದವರು ಹೇಳಿ: ಒಣಗಿರೋ ಮೇಲ್ಭಾಗದಲ್ಲಿ ಆಯಿಲ್ ಪ್ರೈಮರ್ ಸುಣ್ಣದ ಪುಡೀನ ಹಿಡಿದಿಡುತ್ತಾ, ಇಲ್ಲ ಗಾರೆವರೆಗೂ ಕೆರೀಲೇಬೇಕಾ? ಕೆಳಗಿನ 2 ಅಡಿಗೆ ಬರೀ ಸುಣ್ಣ ಬಳಿದು ಬಿಟ್ಟರೆ, ಎಮಲ್ಷನ್ ಸೇರೋ ಗೆರೆಯಲ್ಲಿ ಸಿಪ್ಪೆ ಏಳದ ಹಾಗೆ ಏನು ಮಾಡ್ತೀರಿ?