ಟಿಟಿವೈನಲ್ಲಿ ₹ ಬರ್ತಿಲ್ಲ, ಸೆಟ್‌ಫಾಂಟ್ ಎರರ್ರೂ ಕೊಡ್ತಿಲ್ಲ!!

ರಾತ್ರಿಪಾಳಿ:
ತಲೆ ಕೆಟ್ಟುಹೋಗಿದೆ. ಲಿನಕ್ಸಿನ ಟಿಟಿವೈಗೆ, ಅಂದ್ರೆ ಕಿಟಕಿಗಳಿಲ್ಲದ ಬರೀ ಅಕ್ಷರದ ಕನ್ಸೋಲಿಗೆ, ಸೆಟ್‌ಫಾಂಟ್ ಕಮಾಂಡಿನಿಂದ ನನ್ನದೇ ಫಾಂಟ್ ಲೋಡ್ ಮಾಡ್ತಿದ್ದೀನಿ. ಲ್ಯಾಟ್1-16 ಫಾಂಟ್ (ಲ್ಯಾಟಿನ್-1 ಅಕ್ಷರಗಳದ್ದು) ತಗೊಂಡು, 0ಎಕ್ಸ್‌ಎ4 (ಹೆಕ್ಸ್ ಲೆಕ್ಕದ ಎ4) ಸ್ಲಾಟಿನಲ್ಲಿದ್ದ ಹಳೇ ಕರೆನ್ಸಿ ಗುರುತು ಅಳಿಸಿ ಅಲ್ಲಿ ₹ ಬಿಡಿಸಿದೆ. ಸೆಟ್‌ಫಾಂಟ್ ಕೊಟ್ರೆ ಅಕ್ಷರದ ಆಕಾರ ಬದಲಾಗುತ್ತೆ, ಫಾಂಟೇನೋ ಲೋಡ್ ಆಗ್ತಿದೆ. ₹ ಮಾತ್ರ ಬರ್ತಿಲ್ಲ. ಲೊಕೇಲ್ (ಭಾಷೆಯ ಸೆಟ್ಟಿಂಗ್) ಯುಟಿಎಫ್-8, ಅಂದ್ರೆ ಯೂನಿಕೋಡ್ ಸಂಖ್ಯೆಗಳನ್ನ ಬೈಟುಗಳಾಗಿ ಬರೆಯೋ ಕ್ರಮ. ಎಲ್ಲಾ ಸರಿಯಾಗೇ ಇದೆ.

ಮ್ಯಾಪ್‌ಮಾಮ:
ಸ್ಕ್ರೀನ್ ಮ್ಯಾಪ್ (ಬೈಟನ್ನ ಅಕ್ಷರಕ್ಕೆ ತಿರುಗಿಸೋ ಟೇಬಲ್) ಹಾಕಿಲ್ಲ ನೀವು. ಸೆಟ್‌ಫಾಂಟ್‌ಗೆ -ಎಂ 8859-1 (ಲ್ಯಾಟಿನ್-1ರ ಟೇಬಲ್) ಸೇರಿಸಿ. ಮುಗೀತು.

ರಾತ್ರಿಪಾಳಿ:
ಸೇರಿಸಿದೆ, ಏನೂ ಬದಲಾಗಿಲ್ಲ. ಲ್ಯಾಪ್‌ಟಾಪಿನಿಂದ ಆ ಮಷೀನಿಗೆ ಲಾಗಿನ್ ಆದ ಎಸ್‌ಎಸ್‌ಎಚ್ ಕಿಟಕಿಯಲ್ಲಿ ₹ ಚೆನ್ನಾಗೇ ಕಾಣುತ್ತೆ, ಮಾನಿಟರಿನಲ್ಲಿ ಮಾತ್ರ ಇಲ್ಲ.

ಹಳೇಪರದೆ:
ಎಸ್‌ಎಸ್‌ಎಚ್ಚಾ? ಇದನ್ನ ಮೊದಲೇ ಹೇಳೋದಲ್ವಾ ಸಾರ್. ಅಲ್ಲಿ ಕಾಣೋದು ನಿಮ್ಮ ಲ್ಯಾಪ್‌ಟಾಪಿನ ಫಾಂಟು. ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಕೊಟ್ಟ ಸೆಟ್‌ಫಾಂಟ್ ಹೋಗಿ ಕೂತಿರೋದು ಮಾನಿಟರಿನ ಟಿಟಿವೈ ಮೇಲೆ. ಅದರ ಮುಂದೆ ಕೂತು ನೋಡಿ: ₹ ಜಾಗದಲ್ಲಿ ಬರ್ತಿರೋದು ಏನು? ಫೈಲ್ ಎಷ್ಟು ಬೈಟ್ ಇದೆ?

ಮ್ಯಾಪ್‌ಮಾಮ:
ಹಾಗಾದ್ರೆ 8859-15 ಹಾಕಿ ನೋಡಿ. ಅದರಲ್ಲಿ ಎ4 ಅಂದ್ರೆ ಯೂರೋ, ಅಲ್ಲೇ ಗುದ್ದಾಡ್ತಿರಬೇಕು.

ಬಿಟ್‌ಬಸ್ಯ:
ಮಾಮ, -ಎಂ ಬಿಟ್ಟುಬಿಡಿ. ಆ ಟೇಬಲ್ ಓದೋದು ಕನ್ಸೋಲ್ 8-ಬಿಟ್ ಮೋಡಿನಲ್ಲಿದ್ದಾಗ, ಬಂದ ಒಂದು ಬೈಟನ್ನ ಯೂನಿಕೋಡಿಗೆ ತಿರುಗಿಸೋಕೆ. ಯುಟಿಎಫ್-8 ಮೋಡಿನಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಅದರ ಕಡೆ ತಿರುಗಿಯೂ ನೋಡಲ್ಲ. ಅಲ್ಲಿ ನಡೆಯೋದು ಯುನಿಮ್ಯಾಪ್ ಟೇಬಲ್ ಒಂದೇ: ಯೂನಿಕೋಡ್ ಸಂಖ್ಯೆಯಿಂದ ನೇರ ಗ್ಲಿಫ್ (ಅಕ್ಷರದ ಚಿತ್ರ) ಸ್ಲಾಟಿಗೆ.

ರಾತ್ರಿಪಾಳಿ:
ಫೈಲ್ 4100 ಬೈಟ್. ₹ ಬದಲು ಕೋಲಿಗೆ ಹೊಟ್ಟೆ ಬಂದ ಹಾಗಿರೋ ಒಂದು ಅಕ್ಷರ. ಅಂದಹಾಗೆ ಎಂಸಿ ಅನ್ನೋ ಫೈಲ್ ಮ್ಯಾನೇಜರಿನ ಅಡ್ಡಗೆರೆಗಳೆಲ್ಲ ತಲೆ ಮೇಲೆ ಎರಡು ಚುಕ್ಕಿ ಇರೋ ಎ ಆಗಿವೆ, ಉದ್ದಗೆರೆ ಪುಟ್ಟ 3. ಅದು ಬೇರೆ ಪ್ರಾಬ್ಲಂ ಅಂತ ಬರೀಲಿಲ್ಲ.

ಹಳೇಪರದೆ:
ಬೇರೆ ಅಲ್ಲ, ಅದೇ ಪ್ರಾಬ್ಲಂ. 256 ಗ್ಲಿಫ್, ಒಂದಕ್ಕೆ 16 ಬೈಟ್, ಒಟ್ಟು 4096. ಪಿಎಸ್‌ಎಫ್1 (ಈ ಫಾಂಟ್ ಫೈಲಿನ ಫಾರ್ಮ್ಯಾಟ್) ಹೆಡರ್ 4 ಬೈಟ್. ಅಲ್ಲಿಗೆ 4100. ಯುನಿಮ್ಯಾಪ್ ಟೇಬಲ್ಲಿಗೆ ಜಾಗವೇ ಉಳಿದಿಲ್ಲ! ನಿಮ್ಮ ಫಾಂಟ್ ಎಡಿಟರ್ ಸೇವ್ ಮಾಡುವಾಗ ಅದನ್ನ ಕಿತ್ತುಹಾಕಿದೆ. ಹೆಡರಿನ 3ನೇ ಬೈಟ್ 00 ಇರುತ್ತೆ ನೋಡಿ, 256 ಗ್ಲಿಫ್ ಫಾಂಟಿಗೆ ಟೇಬಲ್ ಇದ್ರೆ 02 ಇರಬೇಕು.

ಫಾಂಟಿನೊಳಗೆ ಟೇಬಲ್ ಇಲ್ಲದಿದ್ರೆ ಕರ್ನಲ್ಲಿನಲ್ಲಿ ಮೊದಲಿದ್ದ ಟೇಬಲ್ಲೇ ಉಳಿಯುತ್ತೆ. ನಿಮ್ಮಲ್ಲಿ ಅದು ಬೂಟ್ ಹೊತ್ತಿನ ಸಿಪಿ437, ಅಂದ್ರೆ ಹಳೇ ಪಿಸಿಗಳ ಅಕ್ಷರಪಟ್ಟಿ. ಅದರ ಲೆಕ್ಕದಲ್ಲಿ ಅಡ್ಡಗೆರೆ ಸಿ4, ಉದ್ದಗೆರೆ ಬಿ3. ಲ್ಯಾಟಿನ್-1ರಲ್ಲಿ ಆ ಸ್ಲಾಟುಗಳಲ್ಲಿ ಕೂತಿರೋದು ಚುಕ್ಕಿ ಎ, ಪುಟ್ಟ 3. ಟೇಬಲ್ಲಿನಲ್ಲಿ ಇಲ್ಲದ ಅಕ್ಷರ ಎಫ್‌ಇ ಸ್ಲಾಟಿಗೆ ಬೀಳುತ್ತೆ, ಅಲ್ಲಿರೋ ಥಾರ್ನ್ (þ) ಅಕ್ಷರವೇ ನಿಮ್ಮ ಹೊಟ್ಟೆಕೋಲು.

ಬಿಟ್‌ಬಸ್ಯ:
ಖಾತ್ರಿ ಬೇಕಾದ್ರೆ ಪ್ರಿಂಟ್‌ಎಫ್ ಕಮಾಂಡಿನಲ್ಲಿ ಯು+ಎಫ್0ಎ4 (ಯು+ ಅಂದ್ರೆ ಯೂನಿಕೋಡ್ ಸಂಖ್ಯೆ) ಬರೆಸಿ. ಎಫ್000ದಿಂದ ಎಫ್1ಎಫ್‌ಎಫ್‌ವರೆಗೆ ಟೇಬಲ್ ದಾಟಿ ನೇರ ಗ್ಲಿಫ್ಫಿಗೇ ಹೋಗುತ್ತೆ. ಆಮೇಲೆ ಯು+00ಎಫ್1, ಅಂದ್ರೆ ಟಿಲ್ಡೆ ಇರೋ ಎನ್, ಬರೆಸಿ. ಸಿಪಿ437ರಲ್ಲಿ ಅದರ ಸ್ಲಾಟ್ ಎ4. ಎರಡು ಸಲವೂ ₹ ಬರಬೇಕು.

ರಾತ್ರಿಪಾಳಿ:
ಅಯ್ಯೋ, ಬಂತು! ಎನ್ ಕೇಳಿದ್ರೆ ರೂಪಾಯಿ ಕೊಡ್ತಿದೆ. ಈಗ?

ಹಳೇಪರದೆ:
ಮೂಲ ಲ್ಯಾಟ್1-16 ಅನ್ನ ಜೀಜಿಪ್‌ನಿಂದ ಬಿಚ್ಚಿ, ಪಿಎಸ್‌ಎಫ್‌ಗೆಟ್‌ಟೇಬಲ್ ಕಮಾಂಡ್ ಕೊಟ್ಟು ಟೇಬಲ್ ಫೈಲ್ ತೆಗೀರಿ. ಅದರಲ್ಲಿ 0ಎಕ್ಸ್0ಎ4 ಸಾಲು ಹುಡುಕಿ, ಯು+00ಎ4 ಪಕ್ಕದಲ್ಲಿ ಒಂದು ಸ್ಪೇಸ್ ಬಿಟ್ಟು ₹ ಸಂಖ್ಯೆ ಯು+20ಬಿ9 ಸೇರಿಸಿ. ಆಮೇಲೆ ಟೇಬಲ್ ಸೇರಿಸೋ ಕಮಾಂಡ್ ಪಿಎಸ್‌ಎಫ್‌ಆ್ಯಡ್‌ಟೇಬಲ್‌ಗೆ ನಿಮ್ಮ ಫಾಂಟ್, ಟೇಬಲ್, ಹೊಸ ಫೈಲ್ ಹೆಸರು, ಇದೇ ಕ್ರಮದಲ್ಲಿ. ಹೊಸ ಫೈಲ್ 4100ಕ್ಕಿಂತ ದೊಡ್ಡದಿರಬೇಕು. ಸೆಟ್‌ಫಾಂಟ್ ಆದಮೇಲೆ -ಓಯು ಕೊಟ್ಟು ಕರ್ನಲ್ಲಿನ ಟೇಬಲ್ ಹೊರಗೆ ತೆಗೆದು ಎ4 ಸಾಲು ಓದಿ ನೋಡಿ.

ಮ್ಯಾಪ್‌ಮಾಮ:
ಇಷ್ಟೆಲ್ಲ ಯಾಕೆ, 512 ಗ್ಲಿಫ್ಫಿನ ಫಾಂಟ್ ಹಾಕ್ಕೊಂಡ್ರೆ ಆಗಿತ್ತು. ನನ್ನ ಮಷೀನಲ್ಲಿ ಸಿರಿಲಿಕ್, ಗ್ರೀಕ್ ಎಲ್ಲಾ ಒಟ್ಟಿಗೇ ಓಡ್ತಿದೆ.

ಬಿಟ್‌ಬಸ್ಯ:
ಬಣ್ಣ ಎಷ್ಟು ಓಡ್ತಿವೆ ಮಾಮ? 512 ಹಾಕಿದ್ರೆ ಗ್ಲಿಫ್ ಸಂಖ್ಯೆಯ ಒಂಬತ್ತನೇ ಬಿಟ್‌ಗೆ ಬಣ್ಣದ ಬ್ರೈಟ್ ಬಿಟ್ಟನ್ನೇ ಕಿತ್ಕೊಳ್ಳುತ್ತೆ. ಮುಂಬಣ್ಣ 16 ಇದ್ದದ್ದು 8.

ಮ್ಯಾಪ್‌ಮಾಮ:
8 ಸಾಕು ಗುರು. ಅದೇನು ರಂಗೋಲಿನಾ?

ಕಾಗುಣಿತ_ಕಿಟ್ಟಿ:
ಮಧ್ಯೆ ಬಾಯಿ ಹಾಕ್ತೀನಿ, ಇದೇ ರೀತಿ ಕನ್ನಡ ಅಕ್ಷರಗಳನ್ನೂ ತುಂಬಬಹುದಾ? 512 ಸಾಲಲ್ಲ ಅಂತಾರೆ.

ಹಳೇಪರದೆ:
ಅಡ್ಡಿ 512 ಅಲ್ಲ. ಕನ್ನಡದ ಬ್ಲಾಕ್ 0ಸಿ80ರಿಂದ 0ಸಿಎಫ್‌ಎಫ್, 128 ಜಾಗ, ಆರಾಮಾಗಿ ಹಿಡಿಯುತ್ತೆ. ಆದ್ರೆ ಒಂದು ಸಂಖ್ಯೆಗೆ ಒಂದು ಮನೆ, ಒಂದು ಚಿತ್ರ, ಅಷ್ಟೇ ಇದರ ಬುದ್ಧಿ. "ಕ್ಷ" ಕೊಟ್ರೆ ಕ, ಹಲಂತ, ಷ ಅಂತ ಮೂರು ಮನೇಲಿ ಸಾಲಾಗಿ ಕೂರುತ್ತೆ. ಒತ್ತಕ್ಷರ ಕೆಳಗಿಳಿಸೋ ಕೆಲಸ ಟೇಬಲ್ಲಿಗೆ ಗೊತ್ತಿಲ್ಲ.

ರಾತ್ರಿಪಾಳಿ:
₹ ಬಂತು, ಚುಕ್ಕಿ ಎ ಹೋಯ್ತು. ಆದ್ರೆ ರೀಬೂಟ್ ಮಾಡಿದ್ರೆ ಮತ್ತೆ ಹಳೇ ಫಾಂಟೇ. ಕನ್ಸೋಲಿನ ಸೆಟ್ಟಿಂಗ್ ಫೈಲ್ ವಿಕನ್ಸೋಲ್.ಕಾನ್ಫ್‌ನಲ್ಲಿ ಫಾಂಟ್ ಸಾಲು ಹಾಕಿದ್ದೀನಲ್ಲ?

ಬಿಟ್‌ಬಸ್ಯ:
ಯಾವ ಡಿಸ್ಟ್ರೋ (ಯಾರ ಲಿನಕ್ಸ್) ಅಂತ ಇನ್ನೂ ಹೇಳಿಲ್ಲ ನೀವು.