ಹಿರೋಷಿಮಾದಲ್ಲಿ ಮೊದಲ ದಿನ, ಯಾವುದು ಮೊದಲು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಒಸಾಕಾದಲ್ಲಿ ಓದುತ್ತಿದ್ದೇನೆ. ಮುಂದಿನ ಶನಿವಾರ ಒಬ್ಬಳೇ ಹಿರೋಷಿಮಾಕ್ಕೆ ಹೋಗುತ್ತಿದ್ದೇನೆ. ರಾತ್ರಿ ಬಸ್ಸು, ಬೆಳಗ್ಗೆ ಬೇಗ ಸ್ಟೇಷನ್ ಹತ್ತಿರ ಇಳಿಸುತ್ತದೆ.

ಮನಸ್ಸಿನಲ್ಲಿರುವುದು ಎರಡೇ ಜಾಗ: ಶಾಂತಿ ಸ್ಮಾರಕ ಮ್ಯೂಸಿಯಂ, ಮಿಯಾಜಿಮಾ ದ್ವೀಪ. 2ನೇ ನಂಬರಿನ ಟ್ರಾಮ್ ಬಾಂಬ್ ಗುಮ್ಮಟದ (ಅಣುಬಾಂಬಿಗೆ ಸಿಕ್ಕಿಯೂ ಉಳಿದ ಕಟ್ಟಡ) ಮುಂದೆಯೇ ಹಾದು ಮಿಯಾಜಿಮಾಕ್ಕೆ ಹೋಗುವ ದೋಣಿಕಟ್ಟೆಯವರೆಗೂ ಹೋಗುತ್ತದೆ. ಆದರೆ ನಿಧಾನ. ಜೆಆರ್ (ಜಪಾನ್ ರೈಲ್ವೇಸ್) ರೈಲಾದರೆ ಅರ್ಧ ಗಂಟೆ, ಆಮೇಲೆ ದೋಣಿಯಲ್ಲಿ 10 ನಿಮಿಷ.

ತಲೆನೋವು ಸಮುದ್ರದ್ದು. ನೀರು ಏರಿದಾಗ ಆ ದ್ವೀಪದ ಇತ್ಸುಕುಶಿಮಾ ದೇವಾಲಯದ ಕೆಂಪು ತೋರಿ ದ್ವಾರ ತೇಲಿದಂತೆ ಕಾಣುತ್ತದೆ, ಇಳಿದಾಗ ಅದರ ಬುಡದವರೆಗೂ ನಡೆದೇ ಹೋಗಬಹುದು. ನನಗೆ ನಡೆಯುವ ಆಸೆ. ಅವತ್ತು ಇಳಿತ ಮಧ್ಯಾಹ್ನ. ಹಾಗಾದರೆ ಬೆಳಗ್ಗೆ ಮ್ಯೂಸಿಯಂ ಮುಗಿಸಬೇಕು. ಅಲ್ಲಿ ಕರಕಲಾದ ಊಟದ ಡಬ್ಬಿ, ಪುಟ್ಟ ಮಗುವಿನ ಮೂರು ಚಕ್ರದ ಸೈಕಲ್ ಎಲ್ಲ ಇವೆ. ಅದನ್ನು ನೋಡಿದ ಮೇಲೆ ಸುಮ್ನೆ ಕೂರಬೇಕು ಅನಿಸುತ್ತದೆ ಎಂದು ಸೀನಿಯರ್ ಒಬ್ಬರು ಹೇಳಿದರು. ಹೋಗಿಬಂದವರು ಹೇಳಿ, ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬಹುದಾ? ಇಲ್ಲ, ಮ್ಯೂಸಿಯಂ ಭಾನುವಾರಕ್ಕೆ ಬಿಡಲಾ?

ಇನ್ನೊಂದು, ಊಟ. ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ. ಅಲ್ಲಿನ ಒಕೊನೊಮಿಯಾಕಿ ತಿನ್ನಲೇಬೇಕು ಅಂತಾರೆ. ತೆಳು ಹಿಟ್ಟಿನ ಮೇಲೆ ರಾಶಿ ಎಲೆಕೋಸು, ನೂಡಲ್ಸ್, ಮೊಟ್ಟೆ. ಹಂದಿಮಾಂಸ ಬೇಡ ಅಂದರೆ ಬಿಡುತ್ತಾರೆ, ಆದರೆ ಹಿಟ್ಟಿನ ಮೇಲೆ ಉದುರಿಸುವ ಮೀನಿನ ಪುಡಿ? ಅದೂ ಬೇಡ ಎಂದು ಅಂಗಡಿಯವರಿಗೆ ತೋರಿಸಲು ಜಪಾನಿಯಲ್ಲಿ ಎರಡು ಸಾಲು ಯಾರಾದರೂ ಬರೆದುಕೊಡ್ತೀರಾ? ಶುಕ್ರವಾರ ಸಂಜೆಯೊಳಗೆ ಸಿಕ್ಕರೆ ತುಂಬಾ ಉಪಕಾರ.